ಪರದೆಯ ಮೇಲೆ ಧುಮುಕುವ ನೀರು

2025ರ ಜೂನ್ ತಿಂಗಳ ಕೊನೆಯಲ್ಲಿಯೇ ಕನ್ನಂಬಾಡಿ ಕಟ್ಟೆ ತುಂಬಿತು. ಜೂನ್‌ನಲ್ಲಿ ಜಲಾಶಯ ಭರ್ತಿಯಾದುದು ಅಣೆಕಟ್ಟಿನ ಇತಿಹಾಸದಲ್ಲಿ ಅದೇ ಮೊದಲೆಂದು ಪತ್ರಿಕೆಗಳು ಬರೆದವು. ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದರು. ಕಟ್ಟೆ ತುಂಬಿ ಹೆಚ್ಚುವರಿ ನೀರನ್ನು ನದಿಗೆ ಬಿಟ್ಟ ಯಾವುದೇ ವರ್ಷದಲ್ಲಿ ಮುಂದಿನ ಘಟನೆ ತಪ್ಪದೆ ನಡೆಯುತ್ತದೆ. ಕೆಲವೇ ದಿನಗಳಲ್ಲಿ ಶಿವನಸಮುದ್ರದ ಗಗನಚುಕ್ಕಿ ಮತ್ತು ಭರಚುಕ್ಕಿ ಜಲಪಾತಗಳ ವೀಡಿಯೊಗಳು ಸಾವಿರಾರು ಮೊಬೈಲ್‌ಗಳನ್ನು ತುಂಬುತ್ತವೆ. ಡ್ರೋನ್ ಮೇಲಿನಿಂದ ನಿಧಾನವಾಗಿ ಇಳಿಯುತ್ತದೆ, ಬಂಡೆಗಳ ನಡುವೆ ಬೆಳ್ಳಗೆ ನೊರೆ ಕಾಣುತ್ತದೆ, ಹಿನ್ನೆಲೆಯಲ್ಲಿ ಒಂದು ಕೊಳಲೋ ವೀಣೆಯೋ ನುಡಿಯುತ್ತದೆ. ಬೆಂಗಳೂರಿನಿಂದ ಎಷ್ಟು ಗಂಟೆಯ ದಾರಿ, ತಿಂಡಿ ಎಲ್ಲಿ ಚೆನ್ನಾಗಿದೆ, ವಾಹನ ಎಲ್ಲಿ ನಿಲ್ಲಿಸಬೇಕು ಎಂಬ ವಿವರಗಳು ಅದರ ಬೆನ್ನಿಗೇ ಬರುತ್ತವೆ. ಭಾನುವಾರದ ವೇಳೆಗೆ ಮಳವಳ್ಳಿ ರಸ್ತೆಯಲ್ಲಿ ಕಾರುಗಳ ಸಾಲು.

ಈ ವೀಡಿಯೊಗಳಲ್ಲಿ ಸುಳ್ಳೇನೂ ಇಲ್ಲ. ತೋರಿಸಿದ ನೀರು ನಿಜವಾಗಿ ಧುಮುಕಿದ ನೀರೇ. ಆದರೆ ಅದು ಎಲ್ಲಿಂದ ಬಂತು, ಯಾರ ಅಪ್ಪಣೆಯಿಂದ ಬಂತು, ವರ್ಷದ ಉಳಿದ ದಿನಗಳಲ್ಲಿ ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಅವು ಎತ್ತುವುದೇ ಇಲ್ಲ. ಮಲೆನಾಡಿನ ಪರಿಸರ ಕಾರ್ಯಕರ್ತರಿಗೆ ಬಯಲುಸೀಮೆಯ ಒಂದು ಜಲಪಾತದ ವೀಡಿಯೊಗಳ ಗೊಡವೆ ಏಕೆಂದು ಕೇಳುವವರಿಗೆ ಉತ್ತರವೂ ಈ ಮೂರು ಪ್ರಶ್ನೆಗಳಲ್ಲಿಯೇ ಇದೆ. ಗಗನಚುಕ್ಕಿಯಲ್ಲಿ ಬೀಳುವುದು ಮಳವಳ್ಳಿಯ ಮಳೆಯಲ್ಲ. ಅದು ತಲಕಾವೇರಿಯ ಮಳೆ, ಹಾರಂಗಿಯ ಮಳೆ, ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿಯ ಮಳೆ, ವಯನಾಡಿನಿಂದ ಇಳಿಯುವ ಕಬಿನಿಯ ಮಳೆ. ಘಟ್ಟದ ಕಾಡು ಹಿಡಿದಿಟ್ಟು ಬಿಟ್ಟ ನೀರು ಅಷ್ಟು ದೂರ ಹರಿದು ಬಂದು ಅಲ್ಲಿ ಕಣಿವೆಗೆ ಇಳಿಯುತ್ತದೆ.

ಇಳಿಯುವುದೂ ತನ್ನಿಚ್ಛೆಯಂತೆ ಅಲ್ಲ. ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಒಂದು ದ್ವೀಪವನ್ನು ಬಳಸುತ್ತದೆ. ಪಶ್ಚಿಮದ ಕವಲು ಗಗನಚುಕ್ಕಿ, ಪೂರ್ವದ್ದು ಭರಚುಕ್ಕಿ. ಒಂದನ್ನು ಮಂಡ್ಯ ಜಿಲ್ಲೆಯ ದಡದಿಂದ, ಇನ್ನೊಂದನ್ನು ಚಾಮರಾಜನಗರ ಜಿಲ್ಲೆಯ ಕಡೆಯಿಂದ ನೋಡುವುದು ವಾಡಿಕೆ. ನಡುವಿನ ದ್ವೀಪದಲ್ಲಿ ಮಧ್ಯರಂಗನ ದೇವಾಲಯ, ಸೋಮೇಶ್ವರನ ಗುಡಿ, ಒಂದು ದರ್ಗಾ. ಜಲಪಾತಕ್ಕಿಂತ ಮೇಲೆಯೇ ಒಡ್ಡು ಕಟ್ಟಿ ನದಿಯ ನೀರನ್ನು ನಾಲೆಗಳಿಗೆ ತಿರುಗಿಸಲಾಗಿದೆ. ಆ ನೀರು ದಡದುದ್ದಕ್ಕೂ ಸಾಗಿ, ದಪ್ಪ ಕೊಳವೆಗಳಲ್ಲಿ ಸುಮಾರು ನಾನೂರು ಅಡಿ ಕೆಳಗಿಳಿದು, ‘ಬ್ಲಫ್’ ಎಂದು ಸುತ್ತಲಿನ ಜನ ಕರೆಯುವ ಸ್ಥಳದ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸಿ, ಜಲಪಾತದ ಕೆಳಗೆ ಮತ್ತೆ ನದಿಯನ್ನು ಸೇರುತ್ತದೆ. ಅಂದರೆ ನದಿಗೆ ಅಲ್ಲಿ ಎರಡು ದಾರಿಗಳಿವೆ: ಬಂಡೆಯ ಮೇಲಿನದು ಮತ್ತು ಕೊಳವೆಯೊಳಗಿನದು. ನೀರು ಕಡಿಮೆಯಿದ್ದಾಗ ಕೊಳವೆಗೇ ಮೊದಲ ಪಾಲು. ಬೇಸಿಗೆಯಲ್ಲಿ ಗಗನಚುಕ್ಕಿಯ ಬಂಡೆಗಳು ಬಿಸಿಲಿಗೆ ಕಾಯುತ್ತಿರುವಾಗ ನದಿ ಸತ್ತಿದೆಯೆಂದು ಭಾವಿಸುವುದು ತಪ್ಪು. ಅದು ಕ್ಯಾಮೆರಾದ ಕಣ್ಣಿಗೆ ಬೀಳದ ದಾರಿಯಲ್ಲಿ ದುಡಿಯುತ್ತಿರುತ್ತದೆ.

ಈ ದುಡಿಮೆಗೆ ನೂರಿಪ್ಪತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಮೈಸೂರು ಸಂಸ್ಥಾನದ ಇಂಜಿನಿಯರ್ ಆಗಿದ್ದ ಜಾಲಿ ಡಿ ಲಾಟ್‌ಬಿನಿಯರ್ ಅವರ ಯೋಜನೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಬೆಂಬಲ. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಇಲ್ಲಿ ಪ್ರವಾಸಿ ವೀಡಿಯೊಗಳು ಬಹುಮಟ್ಟಿಗೆ ಒಂದೇ ವಾಕ್ಯವನ್ನು ಉರು ಹೊಡೆದಂತೆ ಹೇಳುತ್ತವೆ: ಇದು ಏಷ್ಯಾದಲ್ಲಿಯೇ ಮೊದಲ ಜಲವಿದ್ಯುತ್ ಕೇಂದ್ರ. ಇದು ಸರಿಯಲ್ಲ. ಜಪಾನಿನ ಕ್ಯೋಟೊ ನಗರದ ಕೆಆಗೆ ಕೇಂದ್ರ 1891ರಲ್ಲಿಯೇ ಕೆಲಸ ಆರಂಭಿಸಿತ್ತು. ಭಾರತದೊಳಗೇ ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್ ಕೇಂದ್ರ 1897ರದು. ಶಿವನಸಮುದ್ರದ ನಿಜವಾದ ಹೆಗ್ಗಳಿಕೆ ಬೇರೆ ಇದೆ, ಮತ್ತು ಅದು ಈ ತಪ್ಪು ಹೆಗ್ಗಳಿಕೆಗಿಂತ ದೊಡ್ಡದು. ತೊಂಬತ್ತು ಮೈಲಿಗೂ ಹೆಚ್ಚು ದೂರಕ್ಕೆ ತಂತಿಯ ಮೂಲಕ ವಿದ್ಯುತ್ ಸಾಗಿಸಿದ ಆ ಮಾರ್ಗ ಅಂದಿನ ಜಗತ್ತಿನಲ್ಲಿಯೇ ಅತಿ ಉದ್ದದ ಮಾರ್ಗಗಳ ಸಾಲಿನಲ್ಲಿತ್ತು. ಒಂದು ನದಿಯ ಬೀಳನ್ನು ಆ ನದಿಯನ್ನೇ ಕಾಣದ ಊರಿನಲ್ಲಿ ಬಳಸಬಹುದೆಂದು ಈ ನಾಡಿಗೆ ಮೊದಲು ತೋರಿಸಿಕೊಟ್ಟದ್ದು ಶಿವನಸಮುದ್ರ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ದೂರದ ನದಿಯನ್ನು ಕಾಣದೆಯೇ ಬಳಸುವ ಅಭ್ಯಾಸ ಮಾತ್ರ ಮುಚ್ಚಲಿಲ್ಲ.

ಗಣಿಗೆ ವರ್ಷವಿಡೀ ವಿದ್ಯುತ್ ಬೇಕಿತ್ತು, ನದಿ ಮಾತ್ರ ಬೇಸಿಗೆಯಲ್ಲಿ ಸೊರಗುತ್ತಿತ್ತು. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಬೇಕೆಂಬ ವಾದಕ್ಕೆ ಮಂಡ್ಯದ ನೀರಾವರಿಯಷ್ಟೇ ಬಲವಾದ ಕಾರಣ ಇದಾಗಿತ್ತು. 1911ರಲ್ಲಿ ಕೆಲಸ ಆರಂಭವಾದಾಗ ವಿಶ್ವೇಶ್ವರಯ್ಯನವರ ಲೆಕ್ಕದಲ್ಲಿ ಶಿವನಸಮುದ್ರಕ್ಕೆ ತಪ್ಪದೆ ಸಿಗಬೇಕಾದ ನೀರಿಗೂ ಸ್ಥಾನವಿತ್ತು. ಹೀಗಾಗಿ ಇಂದು ಗಗನಚುಕ್ಕಿ ತುಂಬಿ ಹರಿಯುವುದಕ್ಕೆ ಮಳೆ ಸುರಿದರಷ್ಟೇ ಸಾಲದು. ಮೇಲೆ 49 ಟಿಎಂಸಿಗೂ ಮೀರಿದ ಸಾಮರ್ಥ್ಯದ ಜಲಾಶಯ ತುಂಬಬೇಕು, ಕಬಿನಿ ತುಂಬಬೇಕು, ಅಧಿಕಾರಿಗಳು ಗೇಟು ತೆರೆಯಬೇಕು. ಜೋಗದ ಕಥೆ ಬಲ್ಲ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದ ಮೇಲೆ ಶರಾವತಿಯ ನಾಲ್ಕು ಧಾರೆಗಳೂ ಇದೇ ರೀತಿ ಗೇಟಿನ ಅಧೀನಕ್ಕೆ ಬಂದವು.

ಮೇಲಿನ ಇಷ್ಟನ್ನೂ ಬದಿಗಿಟ್ಟರೂ, ಶಿವನಸಮುದ್ರದ ವೀಡಿಯೊ ನೋಡುವವನಿಗೂ ಆ ನೀರಿಗೂ ಇರುವ ಇನ್ನೊಂದು ಸಂಬಂಧವನ್ನು ಬದಿಗಿಡಲಾಗದು. ಜಲಪಾತಕ್ಕೆ ಹೋಗುವ ದಾರಿಯಲ್ಲಿ ಮಳವಳ್ಳಿ ತಾಲ್ಲೂಕಿನಲ್ಲಿಯೇ ತೊರೆಕಾಡನಹಳ್ಳಿ ಇದೆ. ಶಿವನಸಮುದ್ರದ ಒಡ್ಡಿನ ಬಳಿ ಕಾವೇರಿಯಿಂದ ತೆಗೆದ ನೀರು ನೆಟ್ಕಲ್ ಜಲಾಶಯದ ಮೂಲಕ ಇಲ್ಲಿಗೆ ಬಂದು ಶುದ್ಧೀಕರಣಗೊಂಡು, ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಲ್ಪಟ್ಟು, ಸುಮಾರು ನೂರು ಕಿಲೋಮೀಟರು ದೂರ, ಸುಮಾರು ಐನೂರು ಮೀಟರು ಎತ್ತರ ಏರಿ ಬೆಂಗಳೂರಿನ ಮನೆಗಳನ್ನು ತಲುಪುತ್ತದೆ. ಮೊದಲ ಹಂತ 1974ರದು. ಐದನೆಯ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಅದೊಂದೇ ದಿನಕ್ಕೆ 775 ದಶಲಕ್ಷ ಲೀಟರು ನೀರನ್ನು ಮೇಲೆತ್ತಲು ನಿರ್ಮಿತವಾದುದು. ಬೆಂಗಳೂರಿನ ವೀಕ್ಷಕ ಗಗನಚುಕ್ಕಿಯ ದೃಶ್ಯವನ್ನು ನೋಡುತ್ತ ಕೈಯಲ್ಲಿ ಹಿಡಿದಿರುವ ಲೋಟದ ನೀರು ಆ ಜಲಪಾತವನ್ನು ಸೇರಬೇಕಾಗಿದ್ದ ನೀರೇ. ಅವನು ಪ್ರೇಕ್ಷಕನಲ್ಲ, ಬಳಕೆದಾರ. ಈ ಒಂದು ಸಂಗತಿಯನ್ನು ಹತ್ತು ಸೆಕೆಂಡು ಹೇಳುವುದಕ್ಕೆ ಹತ್ತು ನಿಮಿಷದ ವೀಡಿಯೊದಲ್ಲಿ ಎಡೆಯಿರುವುದಿಲ್ಲ.

ಅದೇ ತಾಲ್ಲೂಕಿನಲ್ಲಿ ಇನ್ನೊಂದು ದೃಶ್ಯವಿದೆ. ಕನ್ನಂಬಾಡಿಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಮಂಡ್ಯವನ್ನು ಹಸಿರು ಮಾಡಿ ಮದ್ದೂರು, ಮಳವಳ್ಳಿಗಳ ಕಡೆಗೆ ಬರುವಷ್ಟರಲ್ಲಿ ಬಡವಾಗಿರುತ್ತದೆ. ನಾಲೆಯ ಕೊನೆಯ ಭಾಗದ ರೈತರು ನೀರಿಗಾಗಿ ಕಾಯುವುದು, ರಸ್ತೆ ತಡೆ ನಡೆಸುವುದು ಅಲ್ಲಿ ಹಳೆಯ ಸುದ್ದಿ. ನಾಟಿಯ ಕಾಲಕ್ಕೆ ನೀರು ಹದಿನೈದು ದಿನ ತಡವಾದರೆ ಒಟ್ಟಲಿನಲ್ಲಿ ಪೈರು ಬಲಿತು ಹೋಗುತ್ತದೆ. ಬಲಿತ ಪೈರನ್ನು ನೆಟ್ಟರೆ ತೆಂಡೆ ಒಡೆಯುವುದು ಕಡಿಮೆ, ಇಳುವರಿ ಇಳಿಯುತ್ತದೆ. ಈ ನಷ್ಟ ಜಲಪಾತದ ಹಾಗೆ ಸದ್ದು ಮಾಡುವುದಿಲ್ಲ, ಹಾಗಾಗಿ ಅದಕ್ಕೆ ಡ್ರೋನ್ ಹಾರಿಸುವವರಿಲ್ಲ. ನದಿ ತಾಲ್ಲೂಕಿನ ಅಂಚಿನಲ್ಲಿಯೇ ಹರಿಯುತ್ತದೆ, ರಾಜಧಾನಿಯ ಪಂಪುಗಳು ತಾಲ್ಲೂಕಿನ ಒಳಗೇ ಹಗಲಿರುಳು ಓಡುತ್ತವೆ, ತಾಲ್ಲೂಕಿನ ಗದ್ದೆಗೆ ಮಾತ್ರ ಸರದಿ.

ಪ್ರವಾಸದ ವೀಡಿಯೊ ಒಂಟಿಯಾಗಿ ಬರುವುದೂ ಇಲ್ಲ. ಒಬ್ಬ ಸಾಮಾನ್ಯ ವಿದ್ಯಾವಂತ ನಗರವಾಸಿಯ ಸಂಜೆಯನ್ನು ಗಮನಿಸಿದರೆ, ಜಲಪಾತ ಮುಗಿದೊಡನೆ ಒಂದು ಸುಂದರ ಮನೆಯ ದರ್ಶನ, ಅದು ಮುಗಿದೊಡನೆ ಒಂದು ಶಾಸ್ತ್ರೀಯ ಕಛೇರಿಯ ತುಣುಕು, ಮಲಗುವ ಮುನ್ನ ಪ್ರಪಂಚದ ಯುದ್ಧಗಳ ವಿಶ್ಲೇಷಣೆ. ನಾಲ್ಕೂ ಬೇರೆ ಬೇರೆ ವಿಷಯಗಳಂತೆ ಕಂಡರೂ ಅವುಗಳನ್ನು ತೋರಿಸುವ ಕ್ರಮ ಒಂದೇ. ವಸ್ತುವನ್ನು ಅದರ ಮೂಲದಿಂದ ಬಿಡಿಸಿ, ತೊಳೆದು, ಬೆಳಕಿಗೆ ಹಿಡಿಯುವುದು.

ಮನೆಗಳ ವೀಡಿಯೊಗಳನ್ನೇ ನೋಡೋಣವೆಂದರೆ ಅಲ್ಲಿ ತೊಟ್ಟಿ ಮನೆಗೆ ಈಗ ಬಹಳ ಬೇಡಿಕೆ. ಅರ್ಧ ಎಕರೆ ಕೃಷಿಭೂಮಿಯನ್ನು ಕೊಂಡ ನಗರದ ದಂಪತಿ ನಡುವೆ ಅಂಗಳ ಬಿಟ್ಟು, ಸುತ್ತ ಮರದ ಕಂಬ ನಿಲ್ಲಿಸಿ, ಹೆಂಚು ಹೊದಿಸಿ ಮನೆ ಕಟ್ಟುತ್ತಾರೆ. ಕಂಬಗಳು ಎಲ್ಲಿಂದ ಬಂದವು? ಹಲವು ಬಾರಿ ಅವು ಮಲೆನಾಡಿನಲ್ಲಿಯೋ ಚೆಟ್ಟಿನಾಡಿನಲ್ಲಿಯೋ ಕೆಡವಿದ ಹಳೆಯ ಮನೆಗಳವು. ಆ ಮನೆ ಏಕೆ ಬಿತ್ತು, ಮಕ್ಕಳು ಏಕೆ ಊರು ಬಿಟ್ಟರು, ಅಡಿಕೆಯೋ ಭತ್ತವೋ ಆ ಕುಟುಂಬವನ್ನು ಏಕೆ ಸಾಕಲಿಲ್ಲ ಎಂಬುದು ಕಂಬದ ಕೆತ್ತನೆಯನ್ನು ಹತ್ತಿರದಿಂದ ತೋರಿಸುವ ಕ್ಯಾಮೆರಾಕ್ಕೆ ಬೇಡ. ತೊಟ್ಟಿಯಂತೂ ಅಲಂಕಾರಕ್ಕೆ ಹುಟ್ಟಿದ್ದೇ ಅಲ್ಲ. ನಾಲ್ಕು ಕಡೆಯ ಮಾಡಿನ ಮಳೆನೀರು ಒಂದೆಡೆ ಬಿದ್ದು, ಹರಿದು ಹೋಗುವ ಅಥವಾ ಸಂಗ್ರಹವಾಗುವ ವ್ಯವಸ್ಥೆ ಅದು. ಗಾಳಿ ಬೆಳಕು ಜೊತೆಗೆ ಬಂದವು. ಇಂದಿನ ವೀಡಿಯೊಗಳ ತೊಟ್ಟಿಗೆ ಅನೇಕ ಕಡೆ ಗಾಜಿನ ಮುಚ್ಚಳವಿರುತ್ತದೆ, ಮಳೆ ಒಳಗೆ ಬರಬಾರದೆಂದು! ಬೆಂಗಳೂರಿನಲ್ಲಿ 2009ರಿಂದಲೇ ದೊಡ್ಡ ನಿವೇಶನಗಳ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ಆದರೂ ಮನೆ ತೋರಿಸುವವರು ಉಯ್ಯಾಲೆ, ದೇವರಮನೆ, ಅಡುಗೆಮನೆಯ ಕಪಾಟುಗಳನ್ನು ತೋರಿಸಿ ಮುಗಿಸುತ್ತಾರೆ. ಸಂಪಿನ ಮುಚ್ಚಳವನ್ನು ತೆರೆದು ತೋರಿಸುವವರು ವಿರಳ. ಬಡವರ ಮನೆಯ ಶಿಲ್ಪಿಯೆಂದೇ ಹೆಸರಾದ ಲಾರಿ ಬೇಕರ್ ಅವರ ಹೆಸರು ಈ ವೀಡಿಯೊಗಳಲ್ಲಿ ಆಗಾಗ ಕೇಳುತ್ತದೆ. ಹತ್ತಿರದಲ್ಲಿ ಸಿಗುವ ಸಾಮಗ್ರಿ, ಕಡಿಮೆ ವೆಚ್ಚ ಎಂಬ ಅವರ ಪಟ್ಟು ಮಾತ್ರ ಕೇಳುವುದಿಲ್ಲ.

ಸಂಗೀತದ ವಿಷಯದಲ್ಲಿ ಇಷ್ಟು ಕಟುವಾಗಿ ಮಾತನಾಡುವುದು ಅನ್ಯಾಯವಾದೀತು. ಕೊರೋನಾ ಕಾಲದಲ್ಲಿ ಸಭಾಂಗಣಗಳು ಮುಚ್ಚಿದಾಗ ಕಛೇರಿಗಳು ಪರದೆಗೆ ಬಂದವು, ಬಂದವು ಹಿಂದಿರುಗಲಿಲ್ಲ. ಶೃಂಗೇರಿಯೋ ಹೊಸನಗರವೋ, ದೂರದ ಹಳ್ಳಿಯೊಂದರಲ್ಲಿ ಪಿಟೀಲು ಕಲಿಯುವ ಹುಡುಗಿ ಇಂದು ಯಾವ ವಿದ್ವಾಂಸರ ಬಿಲ್ಲಿನ ಎಳೆತವನ್ನಾದರೂ ಹತ್ತು ಬಾರಿ ಹಿಂದಕ್ಕೆ ತಿರುಗಿಸಿ ನೋಡಬಲ್ಲಳು. ಇದು ಸಣ್ಣ ಲಾಭವಲ್ಲ. ಆದರೂ ಜಲಪಾತದ ಹಿನ್ನೆಲೆಗೆ ಒಂದು ರಾಗದ ಅರ್ಧ ನಿಮಿಷವನ್ನು ಕತ್ತರಿಸಿ ಅಂಟಿಸುವವರಿಗೆ ಆ ಸಂಗೀತವೂ ಇದೇ ನದಿಯ ದಡದ್ದು ಎಂಬ ಅರಿವಿರುವಂತೆ ಕಾಣದು. ಪಿಟೀಲು ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಕಬಿನಿ ಕಾವೇರಿಯನ್ನು ಕೂಡುವ ತಿರುಮಕೂಡಲಿನಲ್ಲಿ. ಶಿವನಸಮುದ್ರಕ್ಕೆ ಬರುವ ನೀರು ಆ ಊರನ್ನು ದಾಟಿಯೇ ಬರಬೇಕು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಹಿಂದಿನ ಸಾಲಿನವರೆಗೂ ನಾದ ಮುಟ್ಟಲೆಂದು ಏಳು ತಂತಿಯ ಪಿಟೀಲನ್ನು ರೂಪಿಸಿದವರು ಅವರು. 1980ರಲ್ಲಿ ಬೆಂಗಳೂರಿನಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನ ಆ ಪಿಟೀಲಿನ ಆಕಾರದಲ್ಲಿಯೇ ಇದೆ. ಮನೆಗಳ ವೀಡಿಯೊ ಮಾಡುವವರೂ ಸಂಗೀತದ ವೀಡಿಯೊ ಮಾಡುವವರೂ ಅದರ ಎದುರು ನಿಂತು ಚಿತ್ರ ತೆಗೆಯುತ್ತಾರೆ. ವಾದ್ಯಗಳಿಗೆ ಬೇಕಾದ ಮರದ ಮಾತು ಬಂದರೆ ವಿಷಯ ನೇರವಾಗಿ ಗ್ರಾಮಗಳಿಗೇ ಬರುತ್ತದೆ. ಮೃದಂಗಕ್ಕೆ, ತಂಬೂರಿಗೆ, ವೀಣೆಗೆ ಬಲಿತ ಹಲಸಿನ ಮರ ಬೇಕು; ಮೃದಂಗಕ್ಕೆ ಚರ್ಮವೂ ಬೇಕು, ಅದನ್ನು ಹದ ಮಾಡುವ ಕೈಗಳೂ ಬೇಕು. ಹಿತ್ತಲಿನ ಹಳೆಯ ಹಲಸನ್ನು ಕಡಿದು ಅಲ್ಲಿ ಅಡಿಕೆಯನ್ನೋ ಶುಂಠಿಯನ್ನೋ ಹಾಕಿದವರಿಗೆ ರಾಗಕ್ಕೂ ತಮ್ಮ ಹಿತ್ತಲಿಗೂ ಸಂಬಂಧವಿದೆಯೆಂದು ಯಾವ ವೀಡಿಯೊ ಹೇಳಿತು?

ಇನ್ನು ಪ್ರಪಂಚದ ವಿದ್ಯಮಾನ. ಕನ್ನಡದಲ್ಲಿಯೇ ಪ್ರಪಂಚವನ್ನು ಕಾಣುವ ಅವಕಾಶ ಈ ದಶಕದ ದೊಡ್ಡ ಕೊಡುಗೆಯೆಂದು ಒಪ್ಪಲೇಬೇಕು. ‘ಡಾ. ಬ್ರೋ’ ಎಂದು ಹೆಸರಾದ ಗಗನ್ ಶ್ರೀನಿವಾಸ್ ಎಂಬ ಯುವಕ ಆಫ್ಘಾನಿಸ್ತಾನದ ಬೀದಿಯಲ್ಲಿ ನಿಂತು ಹಳ್ಳಿಯ ಕನ್ನಡದಲ್ಲಿ ಮಾತನಾಡಿದಾಗ, ಇಂಗ್ಲಿಷ್ ಬಾರದ ಲಕ್ಷಾಂತರ ಜನಕ್ಕೆ ಆ ದೇಶ ಯುದ್ಧದ ಸುದ್ದಿಯಾಗಿ ಉಳಿಯದೆ ಜನರಿರುವ ಊರಾಗಿ ಕಂಡಿತು. ಇಂಥ ಕೆಲಸವನ್ನು ಯಾವ ವಿಶ್ವವಿದ್ಯಾಲಯವೂ ಮಾಡಿರಲಿಲ್ಲ. ಆದರೆ ವಿಶ್ಲೇಷಣೆಯ ವೀಡಿಯೊಗಳ ಮಾತು ಬೇರೆ. 2025ರ ಸೆಪ್ಟೆಂಬರಿನಲ್ಲಿ ಇಥಿಯೋಪಿಯ ನೈಲ್ ನದಿಯ ಉಪನದಿಗೆ ಕಟ್ಟಿದ ಮಹಾ ಅಣೆಕಟ್ಟನ್ನು ಉದ್ಘಾಟಿಸಿತು. ಈಜಿಪ್ಟಿನ ಆತಂಕ, 1929 ಮತ್ತು 1959ರ ಒಪ್ಪಂದಗಳು, ನೀರಿಗಾಗಿ ಯುದ್ಧ ನಡೆದೀತೇ ಎಂಬ ಪ್ರಶ್ನೆ ಎಲ್ಲವನ್ನೂ ನಕ್ಷೆ ಬಿಡಿಸಿ ವಿವರಿಸುವವರಿದ್ದಾರೆ. ಅದನ್ನು ನೋಡುವ ಎಷ್ಟು ಜನಕ್ಕೆ ತಾವು ಕುಳಿತಿರುವ ಊರಿನ ನೀರು 1892 ಮತ್ತು 1924ರ ಒಪ್ಪಂದಗಳ ಮೂಲಕ ಹಾದು ಬಂದದ್ದೆಂದು ಗೊತ್ತು? ಗಗನಚುಕ್ಕಿಯನ್ನು ದಾಟಿದ ನೀರು ಕೆಳಗೆ ಬಿಳಿಗುಂಡ್ಲುವಿನಲ್ಲಿ ಅಳತೆಗೆ ಸಿಗುತ್ತದೆ. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ಅಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ನೀರು ಸಲ್ಲಬೇಕೆಂದಿತು. ಕರ್ನಾಟಕಕ್ಕೆ ಹೆಚ್ಚಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆಂದೇ ಹೇಳಿತು. ಜಲಪಾತದ ಬಿಳಿ ನೊರೆಯೊಳಗೆ ಎರಡು ರಾಜ್ಯಗಳ ವ್ಯಾಜ್ಯವೂ ಹರಿಯುತ್ತಿರುತ್ತದೆ. ನೈಲ್ ನದಿಯ ರಾಜಕೀಯ ಪ್ರಪಂಚದ ವಿದ್ಯಮಾನವಾದರೆ ಇದು ಯಾವುದರ ವಿದ್ಯಮಾನ?

ಪ್ರಪಂಚ ಈ ಸೀಮೆಯನ್ನು ಹೊಕ್ಕ ರೀತಿಗೆ ಕ್ಯಾಮೆರಾ ಕಾಣದ ಇನ್ನೊಂದು ಉದಾಹರಣೆಯನ್ನು ಪ್ರಾಸಂಗಿಕವಾಗಿ ಹೇಳಬಹುದು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ಭಾರತದ ರಾಗಿ ತಳಿಗಳನ್ನು ಆಫ್ರಿಕಾದ ತಳಿಗಳೊಂದಿಗೆ ಸಂಕರಿಸಿ ‘ಇಂಡಾಫ್’ ರಾಗಿಗಳನ್ನು ಕೊಟ್ಟರು. ಮಳವಳ್ಳಿಯ ಮಳೆಯಾಶ್ರಿತ ಹೊಲದ ಮುದ್ದೆಯಲ್ಲಿ ಎರಡು ಖಂಡಗಳಿವೆ. ಜಲಪಾತಕ್ಕೆ ಹೋಗುವ ಕಾರು ಆ ಹೊಲಗಳ ನಡುವೆಯೇ ಸಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ವೀಡಿಯೊಗಳು ಕೆಟ್ಟವೆಂದು ಸಾಧಿಸುವುದಕ್ಕಲ್ಲ. ಕೂತಲ್ಲಿ ಒಂದು ಜಲಪಾತವನ್ನು ನೋಡಿ ಸಂತೋಷಪಡುವುದು ಅಪರಾಧವಾದರೆ ಹಳೆಯ ಪ್ರವಾಸ ಕಥನಗಳೂ ಕ್ಯಾಲೆಂಡರಿನ ಚಿತ್ರಗಳೂ ಅಪರಾಧವೇ. ಪ್ರಶ್ನೆ ಇರುವುದು ಅಧಿಕಾರದ ಬಗ್ಗೆ. ಘಟ್ಟದ ನದಿಗಳ ಭವಿಷ್ಯವನ್ನು ನಿರ್ಧರಿಸುವ ಅಭಿಪ್ರಾಯ ರೂಪುಗೊಳ್ಳುವುದು ರಾಜಧಾನಿಯಲ್ಲಿ, ಮತ್ತು ರಾಜಧಾನಿಗೆ ಘಟ್ಟ ಪರಿಚಯವಾಗಿರುವುದು ಹೆಚ್ಚಾಗಿ ಇಂಥ ತೊಳೆದ ಚಿತ್ರಗಳ ಮೂಲಕ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ 2019ರಲ್ಲಿ ಎದ್ದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಆಗ ನಗರದ ಅನೇಕ ಸಜ್ಜನರು ಪ್ರಾಮಾಣಿಕವಾಗಿಯೇ ಬೆರಗಾದರು: ಅಷ್ಟೊಂದು ನೀರು ಸುಮ್ಮನೆ ಬೀಳುತ್ತಿದೆಯಲ್ಲ! ಜೋಗವನ್ನು ಅವರು ನೋಡಿದ್ದು ಜುಲೈ ಆಗಸ್ಟ್‌ಗಳಲ್ಲಿ, ಅದೂ ಪರದೆಯಲ್ಲಿ. ಎತ್ತಿನಹೊಳೆಯ ವಿಷಯದಲ್ಲೂ ಇದೇ ನಡೆಯಿತು. ನೀರು ಸುಮ್ಮನೆ ಬೀಳುತ್ತದೆ ಎಂಬ ಭಾವನೆಯನ್ನು ಬಿತ್ತಲು ಮಳೆಗಾಲದ ಜಲಪಾತದ ಚಿತ್ರಕ್ಕಿಂತ ಫಲವತ್ತಾದ ನೆಲ ಬೇರೊಂದಿಲ್ಲ.

2018ರ ಮಳೆಗಾಲವನ್ನು ಇಲ್ಲಿ ನೆನೆಯಲೇಬೇಕು. ಆ ಆಗಸ್ಟ್‌ನಲ್ಲಿ ಮಡಿಕೇರಿ ತಾಲ್ಲೂಕಿನ ಬೆಟ್ಟಗಳು ಕುಸಿದು ಜೀವಗಳು ಹೋದವು, ಮನೆಗಳೂ ತೋಟಗಳೂ ಮಣ್ಣಾದವು. ಅದೇ ಮಳೆಗಾಲದ ಪ್ರವಾಹ ಕಾವೇರಿಯಲ್ಲಿ ಇಳಿದು ಬಂದು, ಹತ್ತೊಂಬತ್ತನೆಯ ಶತಮಾನದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಶಿವನಸಮುದ್ರದ ವೆಲ್ಲೆಸ್ಲಿ ಸೇತುವೆಯ ಒಂದು ಭಾಗವನ್ನು ಕೊಚ್ಚಿಕೊಂಡು ಹೋಯಿತು. ಕಲ್ಲಿನ ಕಂಬಗಳ ಮೇಲೆ ಕಲ್ಲಿನ ತೊಲೆಗಳನ್ನು ಹಾಸಿದ ಆ ಸೇತುವೆ ಅಷ್ಟು ಕಾಲ ನಿಂತಿತ್ತು. ವಾಸ್ತುಶಿಲ್ಪದ ವೀಡಿಯೊಗಳಿಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗದು. ಆ ದಿನಗಳಲ್ಲಿ ಜಲಪಾತದ ಆರ್ಭಟದ ವೀಡಿಯೊಗಳು ಹರಡಿದ ವೇಗಕ್ಕೆ ಎಣೆಯಿರಲಿಲ್ಲ. ಕೆಂಪು ನೀರು ರಭಸದಿಂದ ಬೀಳುವುದನ್ನು ನೋಡಿ ಹಿಗ್ಗಿದವರಲ್ಲಿ ಬಹಳ ಜನಕ್ಕೆ, ಅದರ ಕೆಂಪು ಬಣ್ಣ ಕೊಡಗಿನ ಜಾರಿದ ಗುಡ್ಡಗಳ ಮಣ್ಣೂ ಇದ್ದೀತು ಎಂಬ ಯೋಚನೆ ಬರಲಿಲ್ಲ. ಅವರು ಕ್ರೂರಿಗಳೆಂದಲ್ಲ. ಬೆಟ್ಟದ ವೀಡಿಯೊ ಬೇರೆ, ಜಲಪಾತದ ವೀಡಿಯೊ ಬೇರೆಯಾಗಿ ಬಂದಿತ್ತು. ನಡುವಿನ ನದಿಯನ್ನು ಯಾರೂ ಚಿತ್ರಿಸಿರಲಿಲ್ಲ.

ಇದಕ್ಕೆ ವಿರುದ್ಧವಾದ ವರ್ಷ 2023. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಟ್ಯಾಂಕರುಗಳ ಮುಂದೆ ಸಾಲು ನಿಂತಾಗ ವಿದೇಶದ ವಾಹಿನಿಗಳೂ ಬಂದು ವೀಡಿಯೊ ಮಾಡಿದವು. ಆಗ ಬೆಂಗಳೂರೇ ಪ್ರಪಂಚದ ವಿದ್ಯಮಾನ. ಜುಲೈ ಕೊನೆಗೆ ಕನ್ನಂಬಾಡಿ ತುಂಬಿತು, ಗಗನಚುಕ್ಕಿ ಧುಮುಕಿತು, ಅದೇ ಜನ ಅದೇ ಮೊಬೈಲಿನಲ್ಲಿ ಅದನ್ನು ನೋಡಿದರು. ನಡುವೆ ಕಳೆದದ್ದು ನಾಲ್ಕು ತಿಂಗಳು. ಬರದ ಮಾರ್ಚ್‌ನಲ್ಲಿ ಶಿವನಸಮುದ್ರಕ್ಕೆ ಹೋಗಿ ಒಣಬಂಡೆಯನ್ನೂ, ಅದರ ಪಕ್ಕದಲ್ಲಿಯೇ ಓಡುತ್ತಿದ್ದ ಪಂಪುಗಳನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸಿದವರಿದ್ದರೆ ಆ ಚಿತ್ರ ಅಧಿಕಾರಿಗಳ ಹತ್ತು ವರದಿಗಳಿಗೆ ಸಮನಾಗುತ್ತಿತ್ತು.

ಕೆಳಗಿನ ಕಣಿವೆಯ ಜೀವಗಳ ಗೋಳು ಬೇರೆಯೇ ಇದೆ. ಜಲಪಾತದ ನಂತರ ಕಾವೇರಿ ವನ್ಯಧಾಮದ ನಡುವೆ ಹರಿಯುವ ನದಿಯಲ್ಲಿ ಡುಬ್ಬದ ಮಹಶೀರ್ ಮೀನು ಒಂದು ಕಾಲದಲ್ಲಿ ದೇಶವಿದೇಶದ ಗಾಳಗಾರರನ್ನು ಸೆಳೆದಿತ್ತು. ಕಾವೇರಿ ಜಲಾನಯನಕ್ಕೆ ಮಾತ್ರ ಸೇರಿದ ಆ ಮೀನಿನ ವೈಜ್ಞಾನಿಕ ಗುರುತು ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ತೀವ್ರ ಅಪಾಯದಲ್ಲಿತ್ತು. ಹೆಸರಿಡುವ ಹೊತ್ತಿಗೆ ಹೋಗಲು ಅಣಿಯಾದ ಪ್ರಾಣಿ. ಅಲಂಕಾರಕ್ಕಾಗಿ ಜಲಪಾತೋತ್ಸವದ ರಾತ್ರಿ ಬಂಡೆಗಳಿಗೆ ಹಾಯಿಸುವ ಬಣ್ಣದ ಬೆಳಕು ಅಷ್ಟು ಕೆಳಗಿನವರೆಗೆ ಮುಟ್ಟುವುದಿಲ್ಲ.

ಬಂಡೆಗಳ ಮಾತು ಬಂದಾಗ ಇನ್ನೊಂದನ್ನು ಹೇಳದೆ ಬಿಡುವಂತಿಲ್ಲ. ದರ್ಗಾದ ಕಡೆಯಿಂದ ಗಗನಚುಕ್ಕಿಯ ನೆತ್ತಿಗೆ ಇಳಿದು ಚಿತ್ರ ತೆಗೆಯಲು ಹೋಗಿ ಪಾಚಿಯ ಮೇಲೆ ಜಾರಿ ಸತ್ತ ಯುವಕರಿದ್ದಾರೆ. ನದಿಯಲ್ಲಿ ನೀರು ಏರುವುದು ಅಲ್ಲಿನ ಮೋಡವನ್ನು ನೋಡಿ ತಿಳಿಯುವ ಸಂಗತಿಯಲ್ಲ. ನೂರು ಕಿಲೋಮೀಟರು ಮೇಲೆ ಗೇಟು ತೆರೆದದ್ದರ ಫಲ ಬಿಸಿಲಿನ ದಿನವೂ ಬಂದು ತಲುಪಬಹುದು. ನದಿಯನ್ನು ಗೇಟಿನ ನದಿಯೆಂದು ತಿಳಿಸದ ವೀಡಿಯೊ ಈ ಅರ್ಥದಲ್ಲಿ ಅಪಾಯಕಾರಿಯೂ ಹೌದು.

ಮಲೆನಾಡಿನ ಹಳ್ಳಿಗಳಲ್ಲಿಯೂ ಈಗ ಕ್ಯಾಮೆರಾ ಹಿಡಿದ ಯುವಜನರಿಗೆ ಕೊರತೆಯಿಲ್ಲ. ಮಳೆಗಾಲ ಬಂದರೆ ಅವರೂ ತಮ್ಮೂರಿನ ಅಬ್ಬಿಯ ಎದುರು ನಿಲ್ಲುತ್ತಾರೆ. ಅವರಿಂದ ದೊಡ್ಡ ತ್ಯಾಗವನ್ನೇನೂ ಕೇಳಬೇಕಾಗಿಲ್ಲ. ಒಂದೇ ಕಲ್ಲಿನ ಮೇಲೆ ನಿಂತು, ಒಂದೇ ದಿಕ್ಕಿಗೆ ಕ್ಯಾಮೆರಾ ಹಿಡಿದು, ಹನ್ನೆರಡು ತಿಂಗಳು, ತಿಂಗಳಿಗೊಂದು ನಿಮಿಷ ಚಿತ್ರಿಸಲಿ. ಪ್ರತಿ ತಿಂಗಳ ಚಿತ್ರದ ಮೇಲೆ ಆ ದಿನ ಮೇಲಿನ ಜಲಾಶಯದ ಮಟ್ಟ, ಹೊರಬಿಟ್ಟ ನೀರಿನ ಕ್ಯೂಸೆಕ್ ಎರಡನ್ನು ಬರೆಯಲಿ. ಈ ಅಂಕಿಗಳು ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುತ್ತವೆ, ಗುಟ್ಟಿನವಲ್ಲ. ಮನೆಗಳನ್ನು ತೋರಿಸುವವರು ಸಂಪಿನ ಮುಚ್ಚಳವನ್ನೊಮ್ಮೆ ಎತ್ತಲಿ. ಶಿವನಸಮುದ್ರದಲ್ಲಿ ಈ ಕೆಲಸ ಕೈಗೊಳ್ಳುವ ಮಳವಳ್ಳಿಯ ಯುವಕನೊಬ್ಬ ಸಿಕ್ಕರೆ, ತಲಕಾವೇರಿಯ ಕಡೆಯಿಂದ ಒಬ್ಬಳು, ಮೂಡಿಗೆರೆಯ ಹೇಮಾವತಿಯ ದಡದಿಂದ ಇನ್ನೊಬ್ಬರು, ನಾಲೆಯ ಕೊನೆಯ ಭಾಗದ ಗದ್ದೆಯಿಂದ ಮತ್ತೊಬ್ಬರು ಅದೇ ದಿನ ಅದೇ ಹೊತ್ತಿಗೆ ಚಿತ್ರಿಸಿ ನಾಲ್ಕನ್ನೂ ಒಂದರ ಪಕ್ಕ ಒಂದಿಡಬಹುದು. ಹಿನ್ನೆಲೆಗೆ ರಾಗ ಬೇಕೆಂದರೆ ಇರಲಿ. ನುಡಿಸಿದವರ ಹೆಸರನ್ನೂ ವಾದ್ಯ ಕಟ್ಟಿದವರ ಊರನ್ನೂ ಕೊನೆಗೆ ಬರೆದರೆ ಸಾಕು. ಫೆಬ್ರವರಿಯಲ್ಲಿ ಆರಂಭಿಸುವುದು ಒಳ್ಳೆಯದು. ಆಗ ಬಂಡೆಗಳು ಕಾಣುತ್ತವೆ.